ಕಟ್ಟೋಕೆ ಬಾರದವರ ಹರಿಗೋಲು

ನಮ್ಮ ಊರಲ್ಲಿ ಒಂದು ಬಯಲಿದೆ. ಅದರಿಂದ ಏನು ಎತ್ತಿಕೊಂಡರೂ ಎತ್ತಿದ್ದು ಅಲ್ಲೇ ಇರುತ್ತೆ. ನಗಬೇಡಿ, ನಿಜ ಹೇಳ್ತಾ ಇದ್ದೀನಿ! ಒಂದು ಬಿದಿರಿನ ಸೀಳು ಎತ್ತಿ ಹೆಗಲಿಗೆ ಹಾಕಿಕೊಂಡು ತಿರುಗಿ ನೋಡಿ, ಆ ಸೀಳು ಇದ್ದ ಜಾಗದಲ್ಲೇ ಬಿದ್ದಿರುತ್ತೆ. ನಿಮ್ಮ ಹೆಗಲ ಮೇಲೂ ಇರುತ್ತೆ. ನೂರು ಜನ ಎತ್ತಲಿ, ನೂರು ಹೆಗಲ ಮೇಲೂ ಇರುತ್ತೆ, ನೆಲದ ಮೇಲೂ ಇರುತ್ತೆ. ಯಾರಾದರೂ ಒಂದು ಒಳ್ಳೆಯ ವಸ್ತು ಮಾಡಿದರೆ ತಂದು ಬಯಲಲ್ಲಿ ಇಟ್ಟು, "ಇಟ್ಟೆ!" ಅಂತ ಒಂದು ಸಲ ಜೋರಾಗಿ ಕೂಗಿ ಮನೆಗೆ ಹೋಗ್ತಾರೆ. ಆ ಕ್ಷಣದಿಂದ ಅದು ಎಲ್ಲರದು. ಬಯಲಿನದ್ದಕ್ಕೆ ಬೆಲೆ ಇಲ್ಲ. ಇದು ನಮ್ಮ ಊರಿನ ಮೊದಲ ಮಾತು. ಮಕ್ಕಳಿಗೆ 'ಅಮ್ಮಾ' ಅನ್ನೋದು ಕಲಿಸೋಕೆ ಮುಂಚೆ ಇದನ್ನು ಕಲಿಸ್ತೀವಿ.

ಆ ಬಯಲು ಗುಡಿಸುವವಳು ನಾನು. ದಿನಾ ಬೆಳಿಗ್ಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಗುಡಿಸ್ತೀನಿ. ಸೀಳು ಎತ್ತಿ ಗುಡಿಸ್ತೀನಿ, ಚರ್ಮ ಎತ್ತಿ ಗುಡಿಸ್ತೀನಿ, ದಾರದ ಉಂಡೆ ಎತ್ತಿ ಗುಡಿಸ್ತೀನಿ. ಬಯಲು ಅಂದರೆ ನನಗೆ ಪ್ರಾಣ. ಅದರ ಮೇಲೆ ಯಾರಾದರೂ ಒಂದು ಮಾತಾಡಿದರೆ ಪೊರಕೆ ತಗೊಂಡು ಹೋಗೋಳು ನಾನು. ಇಷ್ಟು ಮೊದಲೇ ಹೇಳಿಬಿಟ್ಟಿರ್ತೀನಿ, ಯಾಕಂದ್ರೆ ಮುಂದೆ ನಾನು ಮಾಡಿದ ಘನಂದಾರಿ ಕೆಲಸ ಕೇಳಿದಾಗ ನಿಮಗೆ ಸಿಟ್ಟು ಬರುತ್ತೆ. ಬರಲಿ. ನನಗೂ ಬಂದಿತ್ತು.

ಊರಿನ ಪಕ್ಕದಲ್ಲಿ ಹೊಳೆ. ವರ್ಷವೆಲ್ಲ ಅದು ಎದ್ದು ಕೂತು ಬೊಬ್ಬೆ ಹೊಡೀತಿರುತ್ತೆ, ದಡಕ್ಕೆ ಕಾಲಿಡೋಕೂ ಬಿಡೋದಿಲ್ಲ. ವರ್ಷಕ್ಕೆ ಒಂದೇ ಒಂದು ಹಗಲು ಮಲಗುತ್ತೆ. ಸೂರ್ಯ ಹುಟ್ಟಿದಾಗ ಮಲಗಿದರೆ ಸೂರ್ಯ ಮುಳುಗಿದಾಗ ಏಳುತ್ತೆ. ಆ ಒಂದು ಹಗಲು ಹರಿಗೋಲಿನಲ್ಲಿ ಕೂತು ಆ ದಡಕ್ಕೆ ಹೋಗಬಹುದು, ನಮ್ಮವರನ್ನು ನೋಡಬಹುದು, ಸಂಜೆಯೊಳಗೆ ಬರಬಹುದು. ಒಂದು ಹರಿಗೋಲಿಗೆ ಒಂದೇ ಜೀವ. ಎರಡಾದರೂ ಮುಳುಗುತ್ತೆ, ಖಾಲಿಯಾದರೂ ಮುಳುಗುತ್ತೆ. ಒಂದು ಸಲ ಹೋಗಿ ಬಂದರೆ ಚರ್ಮ ಮುಗೀತು, ಪ್ರತಿ ವರ್ಷ ಹೊಸದೇ ಕಟ್ಟಬೇಕು. ಆ ದಡದಲ್ಲಿ ಬಯಲಿಲ್ಲ, ಹರಿಗೋಲು ಕಟ್ಟೋರೂ ಇಲ್ಲ. ಹೋದರೆ ನಾವೇ ಹೋಗಬೇಕು.

ನನ್ನ ಪಕ್ಕದ ಮನೆಯವಳು ಉಪ್ಪಿನವಳು. ಹೊಂಡದಲ್ಲಿ ನೀರು ಒಣಗಿಸಿ ಉಪ್ಪು ತೆಗೆದು ಮಾರ್ತಾಳೆ. ಅವಳ ಒಬ್ಬಳೇ ಮಗಳನ್ನು ಆ ದಡಕ್ಕೆ ಕೊಟ್ಟಿತ್ತು. ಮಗಳ ಮದುವೆಯಾದ ವರ್ಷವೇ ಉಪ್ಪಿನವಳ ಗಂಡ ತೀರಿಕೊಂಡ. ಮನೆಯಲ್ಲಿ ಹರಿಗೋಲು ಕಟ್ಟುತ್ತಿದ್ದವನು ಅವನೇ. ಅಲ್ಲಿಂದ ಒಂಬತ್ತು ವರ್ಷ ಉಪ್ಪಿನವಳು ಮಗಳ ಮುಖ ನೋಡಿಲ್ಲ. ಮೊಮ್ಮಗಳು ಹುಟ್ಟಿ ಏಳು ವರ್ಷ ಆಯಿತು, ಅದರ ಮುಖ ನೋಡೇ ಇಲ್ಲ. ನಾನು ಮಾತ್ರ ವರ್ಷ ವರ್ಷ ಹೋಗ್ತಿದ್ದೆ, ಬಂದು ಹೇಳ್ತಿದ್ದೆ. "ಚೆನ್ನಾಗಿದ್ದಾಳೆ ಕಣೇ. ಮಗೂಗೆ ಹಲ್ಲು ಬಂದಿದೆ. ಮಗು ಈಗ ಓಡುತ್ತೆ. ಮುಂದಿನ ಹಲ್ಲು ಬಿದ್ದಿದೆ." ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳೋಳು. ಕೇಳಿ ಒಳಗೆ ಹೋಗೋಳು.

ಯಾಕೆ ಹೋಗಲಿಲ್ಲ ಅಂತೀರಾ? ಪ್ರಯತ್ನ ಮಾಡಲಿಲ್ಲ ಅಂದುಕೊಂಡಿರಾ? ಅವಳ ಹಿತ್ತಲಿನಲ್ಲಿ ಒಂಬತ್ತು ಹರಿಗೋಲು ಬಿದ್ದಿದ್ದವು, ಒಂಬತ್ತೂ ಅರ್ಧಂಬರ್ಧ. ಬಯಲಲ್ಲಿ ಹತ್ತೊಂಬತ್ತು ತರದ ಸೀಳು ಇವೆ. ಹೊಸ ಸೀಳಿಗೆ ಹಳೇ ಚರ್ಮ ಕೂರೋದಿಲ್ಲ. ಹಳೇ ಚರ್ಮಕ್ಕೆ ಹೊಸ ದಾರ ಕಚ್ಚೋದಿಲ್ಲ. ಹೊಸ ದಾರಕ್ಕೆ ಹಳೇ ರಾಳ ಅಂಟೋದಿಲ್ಲ. ಅವಳು ಒಂದನ್ನು ತಂದರೆ ಅದು ಇನ್ನೊಂದನ್ನು ಕೇಳೋದು, ಆ ಇನ್ನೊಂದು ಮೂರನೆಯದನ್ನು ಕೇಳೋದು. ಮೂರನೆಯದು ಸಿಗೋ ಹೊತ್ತಿಗೆ ಯಾರೋ ಪುಣ್ಯಾತ್ಮ ಮೊದಲನೆಯದನ್ನು ತಿದ್ದಿ, ಉದ್ದ ಮಾಡಿ, "ಇಟ್ಟೆ!" ಅಂತ ಕೂಗಿರ್ತಿದ್ದ.

ಬಯಲಿನ ಮೂಲೆಯಲ್ಲಿ ಒಂದು ಕಲ್ಲಿನ ಕಟ್ಟೆ ಇದೆ. ಅದರ ಮೇಲೆ ಮೂರು ಜನ ಬಲ್ಲವರು ಕೂತಿರ್ತಾರೆ. ಬಯಲಿನ ಅರ್ಧ ವಸ್ತು ಮಾಡಿಟ್ಟವರು ಅವರೇ. ಒಂದು ಕಾಸು ಮುಟ್ಟಿದವರಲ್ಲ, ಅದು ಸುಳ್ಳಲ್ಲ. ಉಪ್ಪಿನವಳು ಅವರ ಮುಂದೆ ಹೋಗಿ ನಿಂತರೆ ಒಂದೇ ಮಾತು.

"ಸೀಳಿನ ಜೊತೆ ಇಟ್ಟಿರೋ ಓಲೆ ಓದಿದೆಯೇನಮ್ಮಾ?"

"ಓದಿದೆ ಸ್ವಾಮಿ. 'ಸೀಳನ್ನು ಎಂದಿನಂತೆ ಬಗ್ಗಿಸಿ' ಅಂತ ಬರೆದಿದೆ. ಎಂದಿನಂತೆ ಅಂದ್ರೆ ಹೇಗೆ?"

"ಎಂದಿನಂತೆ ಅಂದ್ರೆ ಎಂದಿನಂತೆ."

ಇಷ್ಟೇ. ಎರಡನೆಯವರು ನಗೋರು, ಮೂರನೆಯವರು ಆಕಾಶ ನೋಡೋರು. ಅವಳು ನನ್ನ ಹತ್ತಿರ ಬರೋಳು. ನಾನು, "ಅಯ್ಯೋ, ಅದೇನು ಮಹಾ, ನಾಳೆ ಬಂದು ಕಟ್ಟಿಕೊಡ್ತೀನಿ ಬಿಡೇ" ಅನ್ನೋಳು. ಮನಸ್ಸಿನಿಂದಲೇ ಅಂತಿದ್ದೆ, ದೇವರಾಣೆ. ಆದರೆ ನನ್ನದೇ ಹರಿಗೋಲು ಆಗಬೇಕಲ್ಲ, ಬಯಲು ಗುಡಿಸಬೇಕಲ್ಲ, ಬೆನ್ನು ನೋವಲ್ಲ. ನಾಳೆ ನಾಳೆ ಅನ್ನೋದರೊಳಗೆ ಹೊಳೆ ಮಲಗಿ ಎದ್ದುಬಿಡೋದು.

ಹೀಗಿರುವಾಗ ಹತ್ತನೆಯ ವರ್ಷ ಒಬ್ಬ ಕಟ್ಟುಗಾರ ಹುಟ್ಟಿಕೊಂಡ. ಹೊರಗಿನವನಲ್ಲ, ನಮ್ಮವನೇ, ಚಾಪೆ ಹೆಣೆಯುವವನು. ಒಂದು ವರ್ಷ ಅವನು ಚಾಪೆ ಹೆಣೆಯೋದು ಬಿಟ್ಟು ಬಯಲಿನ ಹತ್ತೊಂಬತ್ತು ತರದ ಸೀಳನ್ನೂ ಎಲ್ಲಾ ತರದ ಚರ್ಮವನ್ನೂ ಹೊತ್ತುಕೊಂಡು ಹೋಗಿ ತನ್ನ ಅಂಗಳದ ತೊಟ್ಟಿಯಲ್ಲಿ ನೆನೆಹಾಕಿದ. ಬಗ್ಗಿಸಿದ, ಮುರಿದ, ಮತ್ತೆ ಬಗ್ಗಿಸಿದ. ಯಾವುದಕ್ಕೆ ಯಾವುದು ಕೂರುತ್ತೆ, ಯಾವುದಕ್ಕೆ ಯಾವುದು ಕೈ ಕೊಡುತ್ತೆ ಅಂತ ಕಂಡುಕೊಂಡ. ಆಮೇಲೆ ಕೂತು ಒಂದು ಗಂಟು ಕಟ್ಟಿದ. ತಲೆಯ ಮೇಲೆ ಹೊರುವಷ್ಟು ಗಂಟು. ಒಂದು ಕೆಂಪು ತುದಿ ಹೊರಗೆ ಇರುತ್ತೆ. ಆ ತುದಿ ಹಿಡಿದು ಎಳೆದರೆ ಸೀಳು ಏಳುತ್ತೆ, ಚರ್ಮ ಹರಡುತ್ತೆ, ದಾರ ಬಿಗಿಯುತ್ತೆ, ಕಣ್ಣು ಮಿಟುಕಿಸೋದರಲ್ಲಿ ಹರಿಗೋಲು ಎದುರಿಗೆ ಕೂತಿರುತ್ತೆ! ನೋಡಿದರೆ ಮೈ ಜುಮ್ಮೆನ್ನೋದು. ನೋಡಿದ ದಿನ ನಾನೂ ಬಾಯಿ ಬಿಟ್ಟುಕೊಂಡು ನಿಂತಿದ್ದೆ. ಅಷ್ಟರಲ್ಲಿ ಅವನು ಬಾಯಿ ಬಿಟ್ಟ.

"ಒಂದು ಗಂಟಿಗೆ ಒಂದು ಸೇರು ಕಟ್ಟಬೇಕು. ನೀವು ಏನು ಮಾಡ್ತೀರೋ ಅದರಲ್ಲಿ ಒಂದು ಸೇರು. ಹೊಳೆ ಮಲಗಿದ ದಿನ ನಾನು ದಡದಲ್ಲೇ ಇರ್ತೀನಿ. ಏನಾದರೂ ಆದರೆ ಕೂಗಿ, ಬರ್ತೀನಿ."

ಬೆಲೆ! ಬಯಲಿನದ್ದಕ್ಕೆ ಬೆಲೆ! ನನ್ನ ಮೈ ಉರಿದುಹೋಯಿತು. ಇವತ್ತು ಹರಿಗೋಲಿಗೆ ಒಂದು ಸೇರು ಅಂತಾನೆ, ನಾಳೆ ಬಯಲಿಗೇ ಬೇಲಿ ಹಾಕ್ತಾನೆ, ನಾಡಿದ್ದು ಬಾಗಿಲಲ್ಲಿ ಕೂತು ನನ್ನ ಪೊರಕೆಗೂ ಸುಂಕ ಕೇಳ್ತಾನೆ. ನನಗೆ ಬೇರೇನೂ ಕಾಣಿಸಲಿಲ್ಲ. ಈಗಲೂ ಹೇಳ್ತೀನಿ, ಆ ಭಯ ಸುಳ್ಳು ಭಯ ಅಲ್ಲ. ಅಂಥವರೂ ಇರ್ತಾರೆ. ಆದರೆ ಇವನು ಅಂಥವನೋ ಅಲ್ಲವೋ ಅಂತ ನಾನು ಕೇಳಲಿಲ್ಲ ನೋಡಿ, ಅಲ್ಲೇ ಎಡವಿದ್ದು.

ಹೊಳೆ ಮಲಗುವ ಹಿಂದಿನ ದಿನ ಮಧ್ಯಾಹ್ನ ಉಪ್ಪಿನವಳು ತಲೆ ಮೇಲೆ ಗಂಟು ಹೊತ್ತುಕೊಂಡು ಬರ್ತಾ ಇದ್ದಾಳೆ. ಮುಖದಲ್ಲಿ ಅಂಥ ಕಳೆಯನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ.

"ಎಷ್ಟು ಕೊಟ್ಟೆ?" ಅಂದೆ.

"ಒಂದು ಸೇರು ಉಪ್ಪು."

"ಒಂದು ಸೇರು! ನಿನ್ನ ಬೆವರು ಕಣೇ ಅದು! ಪುಕ್ಕಟೆ ಸಿಗೋದಕ್ಕೆ ಯಾರಾದರೂ ಉಪ್ಪು ಸುರೀತಾರಾ? ಅದರೊಳಗೆ ಇರೋದೆಲ್ಲ ಬಯಲಿನದ್ದೇ. ನಾನು ದಿನಾ ಗುಡಿಸೋ ಸೀಳು, ದಿನಾ ಕೊಡವೋ ಚರ್ಮ!"

"ಗೊತ್ತು."

"ಗೊತ್ತಿದ್ದೂ ಕೊಟ್ಟೆಯಾ? ನಿನಗೇನು ತಲೆ ಕೆಟ್ಟಿದೆಯಾ? ನಾನು ಕಟ್ಟಿಕೊಡ್ತಿರಲಿಲ್ವಾ?"

ಅವಳು ಗಂಟನ್ನು ಇಳಿಸಲಿಲ್ಲ. ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

"ಯಾವಾಗ?" ಅಂದಳು.

ಅಷ್ಟೇ ಅಂದಿದ್ದು. ಬೈದಿದ್ದರೆ ನಾನೂ ಬೈದು ಸಮಾಧಾನ ಆಗ್ತಿದ್ದೆ. ಆ ಒಂದು ಮಾತು ನನಗೆ ಎಲ್ಲಿಗೆ ನಾಟಿತೋ, ನಾಚಿಕೆ ಆಗಬೇಕಾದ ಕಡೆ ಸಿಟ್ಟು ಬಂತು. ನನಗೆ ಯಾವಾಗಲೂ ಹಾಗೇ. ನೇರ ತೀರ್ಪಿನವಳ ಮನೆಗೆ ಹೋದೆ.

ತೀರ್ಪಿನವಳು ಊರಿನ ಜಗಳ ತೀರಿಸುವ ಮುದುಕಿ. ಅವಳ ಮುಂದೆ ಯಾರ ಮೇಲಾದರೂ ದೂರು ಹೇಳಬೇಕಾದರೆ ಒಂದು ಹಗ್ಗ ಕೊಡ್ತಾಳೆ. ಆ ಹಗ್ಗಕ್ಕೆ ಒಂದು ಗಂಟು ಹಾಕಿ "ಮಾತು ಕಟ್ಟಿದೆ" ಅನ್ನಬೇಕು. ಆ ಗಂಟು ಇರುವ ತನಕ ದೂರಿಸಿಕೊಂಡವನು ತನ್ನ ಕೆಲಸ ಮುಟ್ಟುವ ಹಾಗಿಲ್ಲ. ದೂರಿದವರೇ ಬಂದು ಬಿಚ್ಚಿ "ಮಾತು ಬಿಚ್ಚಿದೆ" ಅನ್ನಬಹುದು. ಆದರೆ ಹಾಗೆ ಬಿಚ್ಚಿದವರು ಆಮೇಲೆ ಸಾಯುವ ತನಕ ಊರ ಸಭೆಯಲ್ಲಿ ಬಾಯಿ ತೆಗೆಯುವ ಹಾಗಿಲ್ಲ. ಅದಕ್ಕೇ ಯಾರೂ ಬಿಚ್ಚಿದ್ದಿಲ್ಲ.

ನಾನು ಹಗ್ಗ ತಗೊಂಡೆ, ಹಲ್ಲು ಕಚ್ಚಿ ಗಂಟು ಹಾಕಿದೆ. "ಚಾಪೆಯವನು ಬಯಲಿನದ್ದನ್ನು ಮಾರಿದ್ದಾನೆ. ಮಾತು ಕಟ್ಟಿದೆ!"

"ಸಾಕ್ಷಿ?" ಅಂದಳು ತೀರ್ಪಿನವಳು.

ಏಳು ಜನ ಗಂಟು ಕೊಂಡಿದ್ದರು. ನನ್ನ ಕೈಗೆ ಹತ್ತಿರ ಇದ್ದದ್ದು ಒಂದೇ. ಉಪ್ಪಿನವಳ ಮನೆಗೆ ಆಳು ಕಳಿಸಿ ಗಂಟು ತರಿಸಿದರು. ಅವಳ ಉಪ್ಪು ಉಳಿಸ್ತಾ ಇದ್ದೀನಿ ಅಂತ ನಾನು ಎದೆ ಉಬ್ಬಿಸಿಕೊಂಡು ನಿಂತಿದ್ದೆ. ಎಂಥ ಹೆಡ್ಡಿ ನಾನು!

ಮಾರನೆಯ ದಿನ ಸೂರ್ಯ ಹುಟ್ಟಿದ, ಹೊಳೆ ಮಲಗಿತು. ಉಳಿದ ಆರು ಜನ ದಡಕ್ಕೆ ಹೋಗಿ ಆರು ಕೆಂಪು ತುದಿ ಎಳೆದರು. ಆರು ಹರಿಗೋಲು ಎದ್ದವು. ನಗ್ತಾ, ಕೂಗ್ತಾ, ಒಬ್ಬರಿಗೊಬ್ಬರು ನೀರು ಎರಚಿಕೊಳ್ತಾ ಅವರು ಹೋಗಿಬಿಟ್ಟರು. ಅವರಲ್ಲಿ ಒಬ್ಬ ಕುಂಬಾರ, ಜೀವಮಾನದಲ್ಲಿ ಹೊಳೆ ದಾಟಿರಲಿಲ್ಲ. ಸಭೆ ಸೇರಿದ ಬಯಲಿಗೆ ಅವರ ನಗು ಕೇಳಿಸ್ತಾ ಇತ್ತು. ಉಪ್ಪಿನವಳು ಸಭೆಯ ನಡುವೆ ನಿಂತು ಒಂದು ಸಲ ಹೊಳೆ ನೋಡೋಳು, ಒಂದು ಸಲ ಸೂರ್ಯನನ್ನು ನೋಡೋಳು.

"ಏನು ಮಾರಿದೆಯಪ್ಪಾ?" ತೀರ್ಪಿನವಳು ಕಟ್ಟುಗಾರನನ್ನು ಕೇಳಿದಳು.

"ಕಟ್ಟು," ಅಂದ ಅವನು.

"ಕಟ್ಟಿನ ಒಳಗೆ ಇರೋದು ಯಾರದು?"

"ಬಯಲಿನದ್ದು. ಅದಕ್ಕೆ ಬೆಲೆ ಹಾಕಿಲ್ಲ, ತಾಯಿ. ಬೇಕಾದವರು ಇವತ್ತೂ ಹೋಗಿ ಎತ್ತಿಕೊಳ್ಳಲಿ. ಕಟ್ಟೋಕೆ ಬರುವವರು ಕಟ್ಟಿಕೊಳ್ಳಲಿ, ಬಾರದವರು ಕಟ್ಟಲಿ."

ಜನ ಗೊಳ್ಳೆಂದು ನಕ್ಕರು. ಬಲ್ಲವರು ನಗಲಿಲ್ಲ. ಮೊದಲನೆಯವರು ಎದ್ದು ನಿಂತರು. "ಮಾತಿನ ಚಮತ್ಕಾರ ಬೇಡ. ಯಾವುದಕ್ಕೆ ಯಾವುದು ಕೂರುತ್ತೆ ಅನ್ನೋ ಗುಟ್ಟು ಇವನು ಮುಚ್ಚಿಟ್ಟುಕೊಂಡಿದ್ದಾನೆ. ಕಂಡುಕೊಂಡದ್ದನ್ನು ಬಯಲಲ್ಲಿ ಇಡಬೇಕಿತ್ತು."

"ಇಟ್ಟಿದ್ದೀನಲ್ಲ ಸ್ವಾಮಿ. ಏಳು ತಿಂಗಳಾಯಿತು. ದಾರದ ಉಂಡೆಯ ಪಕ್ಕ, ಹಸಿರು ಓಲೆ. ಗಂಟು ಹಾಕೋ ಬಗೆಯನ್ನೂ ಬರೆದಿದ್ದೀನಿ. ಇಟ್ಟೆ ಅಂತ ಕೂಗಿದ್ದೂ ಹೌದು. ಯಾರೂ ಎತ್ತಲಿಲ್ಲ."

ಹಸಿರು ಓಲೆ! ಏಳು ತಿಂಗಳಿಂದ ದಿನಾ ಬೆಳಿಗ್ಗೆ ಎತ್ತಿ, ಧೂಳು ಕೊಡವಿ, ಗುಡಿಸಿ, ಮತ್ತೆ ಇಡ್ತಾ ಇದ್ದೆ. ಒಂದು ದಿನ ಓದಿರಲಿಲ್ಲ. ಬಯಲು ನನ್ನ ಪ್ರಾಣ ಅಂತೀನಿ, ಬಯಲಲ್ಲಿ ಏನಿದೆ ಅಂತ ನನಗೇ ಗೊತ್ತಿಲ್ಲ.

"ನೋಡೇ ಬಿಡೋಣ," ಅಂದರು ಎರಡನೆಯವರು. "ಗಂಟು ಬಿಚ್ಚಿ. ಇವನ ಸ್ವಂತದ್ದು ಅಂತ ಒಂದು ಎಳೆ ಇದ್ದರೆ ನಾವು ಒಪ್ತೀವಿ."

ಉಪ್ಪಿನವಳು "ಬೇಡ!" ಅಂತ ಚೀರಿದಳು. ಯಾರು ಕೇಳ್ತಾರೆ? ಮೂವರೂ ಗಂಟಿನ ಮೇಲೆ ಬಿದ್ದರು. ಕೆಂಪು ತುದಿ ಎಳೆಯಲಿಲ್ಲ, ಅದು ಕಟ್ಟುಗಾರನ ದಾರಿ ಅಂತ. ಪಕ್ಕದಿಂದ ಕುಡುಗೋಲು ಹಾಕಿದರು. ಒಂದು ಗಂಟು ಬಿಚ್ಚಿದರು, ಎರಡು ಬಿಚ್ಚಿದರು, ಬಿಚ್ಚದಿದ್ದನ್ನು ಕೊಯ್ದರು. ಸೀಳುಗಳನ್ನು ಒಂದು ಕಡೆ ಹರಡಿದರು, ಚರ್ಮವನ್ನು ಒಂದು ಕಡೆ, ದಾರವನ್ನು ಒಂದು ಕಡೆ, ರಾಳದ ಕುಡಿಕೆಯನ್ನು ಒಂದು ಕಡೆ. ಮೂರನೆಯವರು ಒಂದೊಂದನ್ನೇ ಎತ್ತಿ ಹಿಡಿದು ಕೂಗಿದರು.

"ಈ ಸೀಳು ಯಾರದು?"

"ಬಯಲಿನದ್ದು!" ಅಂತು ಸಭೆ.

"ಈ ಚರ್ಮ ಯಾರದು?"

"ಬಯಲಿನದ್ದು!"

"ಈ ದಾರ, ಈ ರಾಳ?"

"ಬಯಲಿನದ್ದು! ಬಯಲಿನದ್ದು!"

"ಇಲ್ಲಿ ಇವನದು ಏನಿದೆ?"

"ಏನೂ ಇಲ್ಲ!"

ನಾನೂ ಕೂಗಿದೆ ಕಣ್ರೀ. ಎಲ್ಲರಿಗಿಂತ ಜೋರಾಗಿ ಕೂಗಿದೆ. ಮೊದಲನೆಯ ಬಲ್ಲವರು ಕೈ ಒರೆಸಿಕೊಂಡು ಉಪ್ಪಿನವಳ ಕಡೆ ತಿರುಗಿದರು. "ನೋಡಮ್ಮಾ, ನಿನಗೆ ಮೋಸ ಆಗಿದೆ. ನಿನ್ನ ಉಪ್ಪು ವಾಪಸ್ಸು ಕೊಡಿಸ್ತೀವಿ. ಈ ಸಾಮಾನೂ ನಿನ್ನದೇ, ತಗೊಂಡು ಹೋಗು. ಒಂದು ಎಳೆಯೂ ಕಮ್ಮಿ ಆಗಿಲ್ಲ."

ಉಪ್ಪಿನವಳು ಆ ರಾಶಿಯ ಮುಂದೆ ಕೂತಳು. ಒಂದು ಸೀಳು ಎತ್ತಿದಳು, ಇಟ್ಟಳು. ಚರ್ಮದ ಅಂಚು ಮುಟ್ಟಿದಳು. ಅಂಥ ರಾಶಿಗಳು ಅವಳ ಹಿತ್ತಲಿನಲ್ಲಿ ಒಂಬತ್ತಿದ್ದವು, ಅವಳಿಗೆ ಅದರ ಪರಿಚಯ ಚೆನ್ನಾಗೇ ಇತ್ತು.

"ಸರಿ ಸ್ವಾಮಿ. ಹಾಗಾದರೆ ನೀವು ಕಟ್ಟಿಕೊಡಿ," ಅಂದಳು. "ಪುಕ್ಕಟೆ. ಈಗಲೇ. ಸೂರ್ಯ ನೆತ್ತಿಗೆ ಬಂದಿದ್ದಾನೆ."

ಬಲ್ಲವರಿಗೆ ರೋಷ ಬಂತು. ಅದೇನು ಮಹಾ ಅಂತ ಮೂವರೂ ಪಂಚೆ ಎತ್ತಿ ಕಟ್ಟಿ ಕೂತರು. ಮೊದಲನೆಯವರು ಸೀಳು ಮೊದಲು ಅಂದರು. ಎರಡನೆಯವರು ಯಾವ ಕಾಲದಲ್ಲಿದ್ದೀರಿ, ಚರ್ಮ ಮೊದಲು ಅಂದರು. ಮೂರನೆಯವರು ಈ ಸೀಳೇ ತಪ್ಪು, ಹೋದ ವಾರ ನಾನು ತಿದ್ದಿಟ್ಟದ್ದನ್ನು ತನ್ನಿ ಅಂದರು. ತಂದರು. ಅದಕ್ಕೆ ಈ ಚರ್ಮ ಕೂರಲಿಲ್ಲ. ಬೇರೆ ಚರ್ಮ ತಂದರು. ಅದಕ್ಕೆ ಈ ದಾರ ಕಚ್ಚಲಿಲ್ಲ. ಮತ್ತೆ ಮೊದಲಿನ ಚರ್ಮವನ್ನೇ ಎಳೆದುಕೊಂಡು, ಚುಚ್ಚಿದ ತೂತಿನಲ್ಲೇ ಮತ್ತೆ ಚುಚ್ಚಿದರು. "ನಿಮ್ಮಪ್ಪನಿಗೆ ಹೇಳಿಕೊಟ್ಟವನು ನಾನು!" ಅಂತ ಒಬ್ಬರು ಕಿರುಚಿದರೆ, "ಅದಕ್ಕೇ ಅವನು ಮುಳುಗಿದ್ದು!" ಅಂತ ಇನ್ನೊಬ್ಬರು. ಒಬ್ಬೊಬ್ಬರೇ ಕೂತಿದ್ದರೆ ಮೂವರೂ ಮೂರು ಹರಿಗೋಲು ಕಟ್ಟುತ್ತಿದ್ದರೋ ಏನೋ, ನಿಜಕ್ಕೂ ಬಲ್ಲವರೇ ಅವರು. ಆದರೆ ಅವಳಿಗೆ ಬೇಕಾಗಿದ್ದದ್ದು ಒಂದು.

ಕಟ್ಟುಗಾರ ಹತ್ತು ಮಾರು ದೂರದಲ್ಲಿ ಕೂತಿದ್ದ. ಮುಟ್ಟುವ ಹಾಗಿಲ್ಲ. ಅವನ ಬೆರಳು ಮಾತ್ರ ತೊಡೆಯ ಮೇಲೆ ಆಡ್ತಾ ಇತ್ತು, ಗಂಟು ಹಾಕೋದು, ಬಿಗಿಯೋದು, ಗಂಟು ಹಾಕೋದು, ಬಿಗಿಯೋದು. ಸೂರ್ಯ ನೆತ್ತಿಯಿಂದ ಇಳಿದ. ಉಪ್ಪಿನವಳು ಈಗ ಹೊಳೆ ನೋಡೋದನ್ನೂ ಬಿಟ್ಟಿದ್ದಳು, ಸೂರ್ಯನನ್ನು ನೋಡೋದನ್ನೂ ಬಿಟ್ಟಿದ್ದಳು. ನನ್ನನ್ನು ನೋಡ್ತಾ ಇದ್ದಳು. ಸಿಟ್ಟಿನಿಂದ ಅಲ್ಲ. ವರ್ಷ ವರ್ಷ ನಾನು ಆ ದಡದಿಂದ ಬಂದಾಗ ಮಾತು ಕೇಳೋಕೆ ಕೂರ್ತಿದ್ದಳಲ್ಲ, ಹಾಗೆ. ಈ ವರ್ಷವೂ ನೀನೇ ಹೋಗಿ ಬಂದು ಹೇಳು ಅನ್ನೋ ಹಾಗೆ.

ಇಲ್ಲ! ನನ್ನ ಕೈಲಿ ತಡೆಯೋಕೆ ಆಗಲಿಲ್ಲ. ಜನರನ್ನು ತಳ್ಳಿಕೊಂಡು ನುಗ್ಗಿದೆ. ತೀರ್ಪಿನವಳ ಕೈಯಿಂದ ಹಗ್ಗ ಕಿತ್ತುಕೊಂಡೆ. ನಾನೇ ಹಾಕಿದ ಗಂಟು, ಹಾಳಾದ್ದು, ಬಿಚ್ಚೋಕೇ ಬರಲಿಲ್ಲ! ಹಲ್ಲಿನಲ್ಲಿ ಕಚ್ಚಿದೆ, ಉಗುರು ಮುರಿಯಿತು, ಕಣ್ಣಲ್ಲಿ ನೀರು ಬಂತು.

"ಯೋಚನೆ ಮಾಡು," ಅಂದಳು ತೀರ್ಪಿನವಳು. "ಇದು ಬಿಚ್ಚಿದರೆ ಸಭೆಯಲ್ಲಿ ನಿನ್ನ ಬಾಯಿ ಇವತ್ತಿಗೆ ಮುಗೀತು."

"ಮುಗೀಲಿ! ಇಷ್ಟು ದಿನ ಬಾಯಿ ಇದ್ದು ಏನು ಕಿಸಿದೆ? ಮಾತು ಬಿಚ್ಚಿದೆ! ಮಾತು ಬಿಚ್ಚಿದೆ! ಇವನು ಮಾರಿದ್ದು ಬಯಲಿನದ್ದಲ್ಲ, ತಾಯಿ. ಅವನು ಮಾರಿದ್ದನ್ನೇ ಇವರು ಈಗ ಕೊಯ್ದು ಬಿಸಾಕಿದ್ದಾರೆ, ನೋಡಿ, ಇಲ್ಲಿ ಇಲ್ಲದೇ ಇರೋದು ಅದೊಂದೇ!"

ಸಭೆಯಲ್ಲಿ ನಾನು ಆಡಿದ ಕೊನೆಯ ಮಾತು ಅದು. ಅದಕ್ಕೇ ಈಗ ಸಿಕ್ಕಸಿಕ್ಕವರ ಹತ್ತಿರ ಹೀಗೆ ಬಡಬಡಿಸ್ತೀನಿ, ತಪ್ಪು ತಿಳೀಬೇಡಿ.

ಗಂಟು ಬಿಚ್ಚಿತು. ಕಟ್ಟುಗಾರ ಎದ್ದ. ಎದ್ದ ಅಂದರೆ ಎದ್ದ! ಬಲ್ಲವರನ್ನು ಕೈ ಹಿಡಿದು ಮರ್ಯಾದೆಯಿಂದಲೇ ಪಕ್ಕಕ್ಕೆ ಕೂರಿಸಿದ. ರಾಶಿಯಿಂದ ಹೊಸ ಸೀಳು ಎಸೆದ, ಹೊಸ ಚರ್ಮ ಎಸೆದ, ತಾನು ಆರಿಸಿದ್ದನ್ನೇ ಹೆಕ್ಕಿದ. ಬಗ್ಗಿಸಿದ, ಹೆಣೆದ, ಬಿಗಿದ. ಬಗ್ಗಿಸಿದ, ಹೆಣೆದ, ಬಿಗಿದ. ಊರಿಗೆ ಊರೇ ಉಸಿರು ಬಿಡದೆ ನೋಡ್ತು. ಮೂರನೆಯ ಬಲ್ಲವರು ಸುಮ್ಮನಿರಲಾರದೆ ಹತ್ತಿರ ಬಂದು ಬಗ್ಗಿ, "ಓಹೋ, ಇಲ್ಲಿ ಎರಡು ಸುತ್ತು ಹಾಕ್ತೀಯಾ?" ಅಂದರು. "ಹೌದು ಸ್ವಾಮಿ, ಒಂದು ಸುತ್ತು ಹಾಕಿದಾಗ ತೊಟ್ಟಿಯಲ್ಲಿ ನಲವತ್ತು ಸಲ ಮುಳುಗಿತು," ಅಂದ. ಅವರು ತಾವೇ ದಾರದ ತುದಿ ಹಿಡಿದು ಕೂತರು. ಆ ಮೂವರಲ್ಲಿ ಒಬ್ಬರಾದರೂ ಬೇರೆಯವನ ದಾರ ಹಿಡಿದದ್ದನ್ನು ನಾನು ಅವತ್ತೇ ನೋಡಿದ್ದು.

ಹರಿಗೋಲು ಆಯಿತು. ಸೂರ್ಯ ಆ ದಡದ ಮರಗಳ ಎತ್ತರಕ್ಕೆ ಬಂದಿದ್ದ. ಬೆಳಿಗ್ಗೆ ಹೋದ ಆರು ಜನ ಆಗಲೇ ವಾಪಸ್ಸು ಬರ್ತಾ ಇದ್ದರು. ಈಗ ಹೋದರೆ ಹೋಗಬಹುದು, ಬರೋಕಾಗೋದಿಲ್ಲ, ಒಂದು ವರ್ಷ ಅಲ್ಲೇ. ಎಲ್ಲರಿಗೂ ಗೊತ್ತಿತ್ತು. ಉಪ್ಪಿನವಳು ಒಂದು ಕ್ಷಣವೂ ನಿಲ್ಲಲಿಲ್ಲ, ಮಡಿಲಲ್ಲಿ ಒಂದು ಹಿಡಿ ಉಪ್ಪು ಕಟ್ಟಿಕೊಂಡು ಹತ್ತಿ ಕೂತಳು. ನನ್ನ ಹರಿಗೋಲು ದಡದಲ್ಲೇ ಸಿದ್ಧವಾಗಿತ್ತು, ಬೆಳಿಗ್ಗೆಯೇ ಅದನ್ನು ಅವಳಿಗೆ ಕೊಡೋ ಬುದ್ಧಿ ನನಗೆ ಬಂದಿರಲಿಲ್ಲ. ನಾನೂ ಹತ್ತಿದೆ. ಒಂಬತ್ತು ವರ್ಷ ಅವಳನ್ನು ಬಿಟ್ಟು ಹೋಗಿದ್ದೀನಿ, ಇವತ್ತು ಬಿಡೋದಾ?

ನಡು ಹೊಳೆಗೆ ಬಂದಾಗ ಅವಳ ಕಾಲ ಬಳಿ ನೀರು. ಬಲ್ಲವರು ಎರಡೆರಡು ಸಲ ಚುಚ್ಚಿದ್ದರಲ್ಲ, ಆ ತೂತು ಬಾಯಿ ಬಿಟ್ಟಿತ್ತು. ನಾನು ಪಕ್ಕದಲ್ಲೇ ಇದ್ದೀನಿ, ಏನು ಮಾಡಲಿ? ಒಂದು ಹರಿಗೋಲಿಗೆ ಒಂದೇ ಜೀವ, ನನ್ನದಕ್ಕೆ ಎಳೆದುಕೊಂಡರೆ ಇಬ್ಬರೂ ಹೋಗ್ತೀವಿ. "ಕೈಯಿಂದ ಮುಚ್ಚೇ! ಕೈಯಿಂದ ಮುಚ್ಚೇ!" ಅಂತ ಬಡಕೊಂಡೆ. ಅವಳು ಕೈಯಿಂದ ಮುಚ್ಚಲಿಲ್ಲ. ತಿರುಗಿ, ದಡದ ಕಡೆ ಮುಖ ಮಾಡಿ, ಗಂಟಲು ಹರಿಯುವ ಹಾಗೆ ಕೂಗಿದಳು.

"ಕಟ್ಟುಗಾರಾ!"

ಅವನು ಬಂದ! ಕರೆದ ಕೂಡಲೇ ದಡದಲ್ಲಿದ್ದ ತನ್ನ ಹರಿಗೋಲು ಹತ್ತಿ ಬಂದ. ಅವನು ಆ ದಡದಲ್ಲಿ ಯಾರನ್ನೂ ನೋಡಬೇಕಾಗಿರಲಿಲ್ಲ. ಈಗ ಹೊರಟರೆ ಅವನೂ ವರ್ಷ ಪೂರ್ತಿ ಅಲ್ಲೇ, ಅವನ ಚಾಪೆ ಇಲ್ಲೇ. ಒಂದು ಸೇರು ಉಪ್ಪಿಗೆ! ಬಾಯಲ್ಲಿ ಸೂಜಿ ಕಚ್ಚಿಕೊಂಡು, ಮಂಡಿಯ ಮೇಲೆ ರಾಳದ ಕುಡಿಕೆ ಇಟ್ಟುಕೊಂಡು ಹುಟ್ಟು ಹಾಕ್ತಾ ಬಂದ. ಪಕ್ಕಕ್ಕೆ ಬಂದು ಅವಳ ಹರಿಗೋಲಿನ ಅಂಚು ಹಿಡಿದ, ಇನ್ನೊಂದು ಅಂಚು ನಾನು ಹಿಡಿದೆ. ಮೂರು ಹರಿಗೋಲು ಗಿರಗಿರನೆ ತಿರುಗ್ತಾ ಇವೆ, ಹೊಳೆ ನಿದ್ದೆಯಲ್ಲೇ ಗೊಣಗೋಕೆ ಶುರು ಮಾಡಿದೆ, ಸೂರ್ಯನ ಅಂಚು ನೆಲ ಮುಟ್ಟಿದೆ. ಅವನು ಒಂದು ಕೈಯಲ್ಲಿ ಹೊಲಿದ. ಎರಡು ಸುತ್ತು. ರಾಳ ಒತ್ತಿದ. "ಹೋಗಿ! ಹುಟ್ಟು ಹಾಕಿ! ಹಿಂದೆ ನೋಡಬೇಡಿ!" ಅಂದ. ನಾವು ಹುಟ್ಟು ಹಾಕಿದೆವು. ಬದುಕಿನಲ್ಲಿ ಹಾಗೆ ಹುಟ್ಟು ಹಾಕಿಲ್ಲ. ನಗ್ತಾ ಇದ್ದೆನೋ ಅಳ್ತಾ ಇದ್ದೆನೋ ನನಗೇ ಗೊತ್ತಿಲ್ಲ. ಮೂವರ ಹರಿಗೋಲೂ ಮರಳಿಗೆ ತಾಗಿದಾಗ ಬೆನ್ನ ಹಿಂದೆ ಹೊಳೆ ಬೊಬ್ಬೆ ಹೊಡೆದು ಎದ್ದು ಕೂತಿತು.

ದಡದಲ್ಲಿ ಮಗಳು ನಿಂತಿದ್ದಳು. ನಾನು ಬರೋದಕ್ಕೆ ಬೆಳಿಗ್ಗೆಯಿಂದ ಕಾದು, ಇನ್ನು ಈ ವರ್ಷ ಸುದ್ದಿಯೂ ಇಲ್ಲ ಅಂದುಕೊಂಡು ಹೊರಟಿದ್ದಳಂತೆ. ಪಕ್ಕದಲ್ಲಿ ಏಳು ವರ್ಷದ ಮೊಮ್ಮಗಳು. ಉಪ್ಪಿನವಳು ಮರಳಿನ ಮೇಲೆ ಕಾಲಿಟ್ಟವಳು ಅಲ್ಲೇ ಕೂತುಬಿಟ್ಟಳು. ಮಗಳು ಓಡಿ ಬಂದು ತಬ್ಬಿಕೊಂಡಳು. ಎಷ್ಟು ಹೊತ್ತು ಇಬ್ಬರೂ ಹಾಗೇ ಇದ್ದರೋ. ಮಗು ದೂರ ನಿಂತು ಮುಖ ಮುಖ ನೋಡ್ತಾ ಇತ್ತು, ಅದಕ್ಕೆ ಇವಳು ಯಾರು ಅಂತ ಗೊತ್ತಿಲ್ಲ.

ಮಗಳು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಕೂದಲು ಬೆಳ್ಳಗಾಗಿದ್ದನ್ನು ನೋಡಿದಳು, ಬಿದ್ದ ಹಲ್ಲು ನೋಡಿದಳು.

"ಒಂಬತ್ತು ವರ್ಷ ಯಾಕಮ್ಮಾ ಬರಲಿಲ್ಲ?" ಅಂದಳು. "ಹರಿಗೋಲಿಗೆ ಅಷ್ಟೊಂದು ಬೆಲೆನಾ?"

ಉಪ್ಪಿನವಳು ನನ್ನನ್ನು ನೋಡಲಿಲ್ಲ. ನೋಡಿದ್ದರೆ ನಾನು ಅಲ್ಲೇ ಹೊಳೆಗೆ ಹಾರಿಬಿಡ್ತಿದ್ದೆ.

"ಇಲ್ಲ ಮಗಳೇ," ಅಂದಳು. "ಪುಕ್ಕಟೆ ಇತ್ತು."